ಮೊದಲು ಹಾಡು, ಆಮೇಲೆ ಮಾತು

ಶಹಾಪುರ
೧೯ ಫೆಬ್ರುವರಿ ೨೦೨೩

ಪ್ರಿಯ ನೀಲಕಂಠ,

ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಮೂರು ಸಲ ಬರೆಯಲು ಕೂತು, ಮೂರು ಸಲವೂ ಗಿಟಾರ್ ಶ್ರುತಿ ಮಾಡಿ ಎದ್ದುಬಿಟ್ಟೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನ ಮಾತನ್ನು ಯಾರಾದರೂ ಹಿಡಿದು ನೂರು ಮಂದಿಗೆ ಹಂಚುತ್ತಾರೆಂಬ ಅಂಜಿಕೆಗೆ ನೀನು ಕಾಗದದಲ್ಲಿ ಕೇಳಿದ್ದೀಯ. ನಾನೂ ಕಾಗದದಲ್ಲೇ ಹೇಳುತ್ತೇನೆ. ಪಾರ್ವತಿಬಾಯಿ ವೈನಿಯವರ ಮೊಣಕಾಲು ನೋವು ಹೇಗಿದೆ? ಇಲ್ಲಿ ಬಿಸಿಲು ಈಗಲೇ ಏರಿದೆ. ಐವತ್ತೊಂದರ ವಯಸ್ಸಿಗೆ ನನ್ನ ಗಂಟಲು ಒಡೆದಿದೆ. ಮೇಲಿನ ಸ್ವರಗಳು ಹೋದವು, ಕೆಳಗಿನವು ಉಳಿದಿವೆ. ನನ್ನ ದನಿ ಮೊದಲಿನಿಂದಲೂ ಅಲ್ಲೇ ಇತ್ತೋ ಏನೋ.

ನಿನ್ನ ಕೋರಿಕೆ ಒಂದೇ: ‘ಯಾರದೋ ಮೋಟರ್, ನಿನಗ್ಯಾಕ? ಆ ಫೋಟೊ ತಗಿ, ನಮ್ಮ ಕಾರ್ಯಕ್ರಮ ಉಳಸು.’ ಫೋಟೊ ಬಂದ ಸಂಜೆಯೇ ನೀನು ಗುಂಪು ಬಿಟ್ಟೆ. ಆಮೇಲೆ ನಡೆದದ್ದು ನಿನಗೆ ತಿಳಿದಿರಲಾರದು.

ನಮ್ಮ ರಾಕ್ ಬ್ಯಾಂಡಿನ ಹೆಸರಿನಲ್ಲೇ ಈ ‘ತೂಬು’ ಆನ್‌ಲೈನ್ ಗುಂಪನ್ನು ಶುರು ಮಾಡಿದ್ದು ಅದರ ಹಳೆಯ ಕೇಳುಗರಿಗಾಗಿ. ಯಾರು ಎಲ್ಲಿ ನುಡಿಸುತ್ತಾರೆ, ಯಾವ ಹೊಸ ರೆಕಾರ್ಡಿಂಗ್ ಬಂತು, ಗಿಟಾರಿನ ತಂತಿ ಕಲಬುರಗಿಯಲ್ಲಿ ಎಲ್ಲಿ ಸಿಗುತ್ತದೆ, ಇಷ್ಟೇ. ಒಂದು ದಿನ ನಾನು ‘ಊರ ಹೊಲಕ್ಕೆ ಇವತ್ತು ಕಾಲುವೆ ನೀರಿನ ಪಾಳಿ, ಹಾಡು ಹಾಕಲಾರೆ’ ಎಂದು ಬರೆದೆ. ಕೆಳಗೆ ನಾನೂರು ಜನ ಒಂದೇ ಪ್ರಶ್ನೆ ಹಾಕಿದರು: ‘ಬಂತೇನ್ರಿ?’ ಬಂದಿರಲಿಲ್ಲ. ಅಂದಿನಿಂದ ಸಂಗೀತದ ಸುದ್ದಿಯೂ ಕಾಲುವೆಯ ರಾಜಕಾರಣವೂ ಒಟ್ಟಿಗೇ ಹರಿಯತೊಡಗಿದವು. ಈಗ ಆರು ಸಾವಿರ ಮಂದಿ ಇದ್ದಾರೆ. ಬೈಗುಳ ಹೆಚ್ಚಾದಾಗ ನಿಯಮ ಹಾಕಿದವನು ನೀನೇ: ಮೊದಲು ಹಾಡು, ಆಮೇಲೆ ಮಾತು. ಯಾರು ಯಾರನ್ನು ಬೈಯಬೇಕಿದ್ದರೂ ಮೊದಲು ಒಂದು ಹಾಡನ್ನು ಸ್ವಂತ ದನಿಯಲ್ಲಿ ಹಾಡಿ ಕಳಿಸಬೇಕು. ಹಾಡಿದ ಬಾಯಿಂದ ಆ ಕೂಡಲೇ ಸುಳ್ಳು ಬರುವುದಿಲ್ಲ ಎಂಬುದು ನಿನ್ನ ತರ್ಕ. ಬಂದದ್ದನ್ನೆಲ್ಲ ನೋಡಿ ಒಳಗೆ ಬಿಡುವ ಗೇಟಿನವನ ಕೆಲಸವನ್ನು ನನಗೆ ಹಚ್ಚಿದವನೂ ನೀನೇ.

ಲಾಲಮ್ಮ ನಮ್ಮೂರಿನವಳು. ಕಾಲುವೆಯ ಕೊನೆಯಲ್ಲಿ ಅವಳಿಗೆ ಎರಡೆಕರೆ ಮೆಣಸಿನಕಾಯಿ ಇದೆ. ನೀರು ಚಾಲೂ ಇರುವ ದಿನಗಳಲ್ಲೂ ಅಲ್ಲಿಗೆ ಬರುವುದು ಬರೀ ಹಸಿ ಮಣ್ಣಿನ ವಾಸನೆ. ಆದ್ದರಿಂದ ಸುರಪುರದ ಕಡೆ, ಕಾಲುವೆಯ ಮೇಲ್ಭಾಗದ ಭತ್ತದ ಗದ್ದೆಗಳಿಗೆ ಕಳೆ ಕೀಳಲು ಹೋಗುತ್ತಾಳೆ. ಸಂಕ್ರಾಂತಿಯ ಮರುದಿನ ಅವಳಿಂದ ಒಂದು ಬೀಸುವ ಪದ ಬಂತು, ಹಿಂದೆಯೇ ಒಂದು ಫೋಟೊ. ಕಾಲುವೆಯ ಏರಿಯ ಮೇಲಿಂದ ತೆಗೆದದ್ದು. ನೀರೊಳಗೆ ಇಳಿದ ಕಪ್ಪು ಪೈಪು, ಮೋಟರ್, ಆಚೆಗೆ ಹಸಿರು ಭತ್ತ. ಜೊತೆಗೆ ಎರಡು ಸಾಲು: ‘ನಾ ಕಳಿ ತಗಿಯೋ ಹೊಲ ಇದು. ನನ್ನ ಹೊಲದ ನೀರು ಇಲ್ಲಿ ಐತಿ.’

ಮಾಲಕನ ಹೆಸರು ಹಾಕಿರಲಿಲ್ಲ. ಯಾಕೆಂದು ಕೇಳಿದೆ.

“ಹೆಸರು ಹಾಕಿದ್ರ ಅವ್ನೊಬ್ಬಂದೇ ತಪ್ಪು ಆಗ್ತದರಿ,” ಎಂದಳು. “ಉಳದ ಪೈಪಿನವ್ರು ಹಾಯಾಗಿ ಮಲಗ್ತಾರ.”

ಆ ಹೊಲಕ್ಕೆ ಅವಳನ್ನು ಮತ್ತೆ ಕರೆದಿಲ್ಲ. ಇದನ್ನು ದೂರಿನಂತೆ ಹೇಳುತ್ತಿಲ್ಲ. ಅವಳೂ ದೂರಿನಂತೆ ಹೇಳಲಿಲ್ಲ.

ಒಂದು ವಾರದ ಮೇಲೆ ಗೊಬ್ಬರದಂಗಡಿ ಲಿಂಗಣ್ಣ ಬಂದರು. ಕಾಲುವೆಯ ಮೇಲ್ಭಾಗದ ಭತ್ತದವರೆಲ್ಲ ಅವರ ಗಿರಾಕಿಗಳು. ಬ್ಯಾಂಡಿಗೆ ಮೂವತ್ತು ವರ್ಷ ತುಂಬಿದ ಕಾರ್ಯಕ್ರಮಕ್ಕೆ ಸುರಪುರದಲ್ಲಿ ತಮ್ಮ ಹಾಲ್ ಕೊಡುತ್ತೇನೆಂದು ತಾವಾಗಿಯೇ ಮುಂದೆ ಬಂದವರು ಅವರು, ನಿನಗೂ ಗೊತ್ತು. ಚಹಾ ಕುಡಿದರು. ಗೋಡೆಗೆ ಒರಗಿಸಿದ್ದ ಗಿಟಾರನ್ನು ಸ್ವಲ್ಪ ಹೊತ್ತು ನೋಡಿದರು.

“ಸಾಬಣ್ಣ, ಹಾಡೋ ಬಾಯಾಗ ಕಾಲುವಿ ಯಾಕಪಾ? ಎರಡ್ರಾಗ ಒಂದು ಹಿಡಿ.”

“ಮತ್ತ ಯಾತರ ಮ್ಯಾಲ ಹಾಡ್ಲಿ ಅಂತೀರಿ?”

“ಪ್ರೀತಿ ಮ್ಯಾಲ ಹಾಡು. ಮಳಿ ಮ್ಯಾಲ ಹಾಡು.”

“ಮಳಿನೂ ನೀರೇ ಅಲ್ಲೇನ್ರಿ?”

“ಅದಕ್ಕ ಗೇಟಿಲ್ಲ,” ಎಂದು ಅವರೇ ನಕ್ಕರು. ನಾನೂ ನಕ್ಕೆ. ಮನುಷ್ಯ ಕೆಟ್ಟವರಲ್ಲ. ಏಳುವಾಗ ಹೇಳಿದರು: “ಫೋಟೊ ತಗದ್ರ ಹಾಲ್ ನಿಂದು. ಇಲ್ಲಾಂದ್ರ ಅವತ್ತು ಯಾರದಾರ ಲಗ್ನಕ್ಕ ಕೊಟ್ಬಿಡ್ತೀನಿ.”

“ಲಗ್ನಕ್ಕ ಕೊಡ್ರಿ. ಅಲ್ಲೂ ಬಾಜಾ ಇರ್ತದ.”

ಅವರು ಹೋದ ಮೇಲೆ ಆ ಮಾತು ನನ್ನದೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಈ ಕಾರ್ಯಕ್ರಮಕ್ಕಾಗಿ ಎಷ್ಟು ವರ್ಷ ಕಾದೆವು. ನೀನು ಮತ್ತೆ ಡ್ರಮ್ ಮುಂದೆ ಕೂರುತ್ತೇನೆ ಎಂದಿದ್ದೆ. ಅದೊಂದಕ್ಕಾಗಿ ಒಂದು ಫೋಟೊವನ್ನು ಅಳಿಸಿದರೆ ಏನಾಗುತ್ತದೆ ಎಂದು ನಾನೂ ಯೋಚಿಸಿದೆ. ಮರುದಿನ ಲಾಲಮ್ಮನಿಗೆ ಹೇಳಿಯೂ ಬಿಟ್ಟೆ. ಅವಳು ಸಿಟ್ಟಾಗಲಿಲ್ಲ.

“ತಗೀತಿದ್ರ ತಗೀರಿ. ನನ್ನ ಹಾಡೂ ತಗೀರಿ. ಹಾಡು ಇಟ್ಕೊಂಡು ಮಾತು ತಗದ್ರ ಅದು ಕಳ್ಳತನ ಆಗ್ತದ.”

ಆದ್ದರಿಂದ ನನ್ನ ಉತ್ತರ ಇದು. ಫೋಟೊ ಇರುತ್ತದೆ. ಹಾಲ್ ಇಲ್ಲ, ಆದರೆ ಕಾರ್ಯಕ್ರಮ ಇದೆ. ಮಾರ್ಚ್ ಹನ್ನೆರಡು, ಭಾನುವಾರ ಮುಂಜಾನೆ, ನಮ್ಮೂರ ಒಣ ಕಾಲುವೆಯ ಒಳಗೆ. ಅಗಲ ಸಾಕು, ಎರಡೂ ಬದಿಯ ಏರಿಯ ಮೇಲೆ ಜನ ಕೂರಬಹುದು, ಸಿಮೆಂಟಿನ ತಳದಲ್ಲಿ ದನಿ ಚೆನ್ನಾಗಿ ಮೊಳಗುತ್ತದೆ. ಹೋಗಿ ಕೂಗಿ ನೋಡಿ ಬಂದೆ. ಮೈಕ್‌ಸೆಟ್ಟಿನ ಅಲ್ಲಾಬಕ್ಷ ತನ್ನ ಜನರೇಟರ್ ತರುತ್ತಾನೆ. “ನಡುವ ನೀರು ಬಂದ್ರ?” ಎಂದು ಕೇಳಿದ. ಬಂದರೆ ತಂತಿಗಳನ್ನು ಎತ್ತಿಕೊಂಡು ಏರಿ ಹತ್ತುತ್ತೇವೆ, ಕಾರ್ಯಕ್ರಮ ರದ್ದು. ಅದಕ್ಕಿಂತ ದೊಡ್ಡ ಚಪ್ಪಾಳೆ ನನಗೆ ಬೇಡ. ಗುಂಪಿನಲ್ಲಿ ಇದನ್ನೇ ಹಾಕಿದ್ದೇನೆ. ‘ಹಾಡು ಬಿಟ್ಟು ರಾಜಕೀಯ ಮಾಡಾಕತ್ತೀರಿ’ ಎಂದು ಒಬ್ಬ ಬರೆದ. ಮೊದಲು ನೀನು ಹಾಡಪಾ ಎಂದೆ. ಹಾಡಿದ, ಬಹಳ ಕೆಟ್ಟದಾಗಿ. ಅವನ ಮಾತನ್ನೂ ಒಳಗೆ ಬಿಟ್ಟೆ.

ಯಾದಗಿರಿಯ ಖಾಲಿ ಹತ್ತಿ ಗೋದಾಮಿನಲ್ಲಿ ಕೆಮ್ಮುತ್ತ ನುಡಿಸಿದ ಆ ಮೊದಲ ವರ್ಷ ನೆನಪಾಗುತ್ತಿದೆ. ಬೋರ್ಡು ಬರೆಯುವ ಚಾಂದಪಾಶಾ ನಿನ್ನ ದೊಡ್ಡ ನೀಲಿ ಡ್ರಮ್ಮಿನ ಮುಖದ ಮೇಲೆ ಬಿಳಿ ಬಣ್ಣದಲ್ಲಿ ‘ತೂಬು’ ಎಂದು ಬರೆದು, ಕೊನೆಯ ಅಕ್ಷರದ ಬಾಲವನ್ನು ಅಂಚಿನ ತನಕ ಎಳೆದಿದ್ದ. ಇದ್ಯಾಕ ಇಷ್ಟುದ್ದ ಎಂದು ನೀನು ಗದರಿದೆ. “ನೀರು ಕಡೀ ತನಕ ಮುಟ್ಟಬೇಕಲ್ರಿ ಉಸ್ತಾದ್,” ಎಂದ. ಈಗ ಅವನಿಲ್ಲ. ಆ ಡ್ರಮ್ಮನ್ನು ಗೆದ್ದಲು ತಿಂದಿತು ಎಂದು ಹೋದ ವರ್ಷ ನೀನು ಹೇಳಿದಾಗ ಮನೆಯಲ್ಲಿ ಯಾರೋ ತೀರಿಕೊಂಡಂತೆ ಎರಡು ದಿನ ನಾನು ಹಾಡಲಿಲ್ಲ.

ನಿನ್ನ ಮನೆಯಲ್ಲಿ ಎಲ್ಲರೂ ಸುಖವಾಗಿರಲಿ. ವೈನಿಯವರ ಕಾಲು ಬೇಗ ವಾಸಿಯಾಗಲಿ. ನಿನ್ನ ಕೈಯ ತಾಳ ತಪ್ಪದಿರಲಿ.

ಜೈಭೀಮ್.

ನಿನ್ನ
ಸಾಬಣ್ಣ

ತಾ.ಕ.: ಲಾಲಮ್ಮನ ಫೋಟೊದಲ್ಲಿ ಮೋಟರಿಗೆ ಬಿಸಿಲು ತಾಗದಂತೆ ಒಂದು ದೊಡ್ಡ ನೀಲಿ ಡ್ರಮ್ ಬೋರಲು ಹಾಕಿದೆ. ಏರಿಯ ಮೇಲಿಂದ ತೆಗೆದದ್ದರಿಂದ ಅದರ ಮುಖ ಕಾಣುತ್ತದೆ. ಧೂಳಿನ ಕೆಳಗೆ, ಅಂಚಿನ ತನಕ ಎಳೆದ ಬಿಳಿ ಬಾಲ. ಆರು ಸಾವಿರ ಮಂದಿಯಲ್ಲಿ ಆ ಬಾಲವೊಂದರಿಂದಲೇ ಅದನ್ನು ಗುರುತಿಸಬಲ್ಲವರು ನಾವಿಬ್ಬರೇ. ಗುಂಪಿಗೆ ಬಿಡುವ ಮೊದಲೇ ನಾನು ಗುರುತಿಸಿದ್ದೆ. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಅದನ್ನು ತಡೆದಿಟ್ಟುಕೊಂಡು ಕೂತಿದ್ದೆ. ಅಷ್ಟು ಹೊತ್ತು ನಾನೂ ಕಾಲುವೆಗೆ ಪೈಪು ಇಳಿಸಿದವನೇ. ಆಮೇಲೆ ಬಿಟ್ಟೆ. ನಿನ್ನ ಹೆಸರು ನನ್ನ ಬಾಯಿಂದ ಬರುವುದಿಲ್ಲ, ಫೋಟೊವೂ ಹೋಗುವುದಿಲ್ಲ. ನಿನಗೆ ಹೇಳುವುದಿದ್ದರೆ ಗುಂಪಿಗೆ ಬಂದು ಹೇಳು. ನಿಯಮ ನಿನಗೆ ಗೊತ್ತಿದೆ. ಹನ್ನೆರಡನೆಯ ತಾರೀಖಿಗೆ ನಮಗೆ ಡ್ರಮ್ ಬೇಕು. ಮೋಟರಿನ ಮೇಲಿಂದ ಎತ್ತಿಕೊಂಡು ಬಾ.