ಎಲ್ಯಾಕಿಮನ ತಾಯಿ ದಹ್ರಾನಿನಲ್ಲಿ

ದಹ್ರಾನ್, ಸೌದಿ ಅರೇಬಿಯಾ
16-11-1996

ನನ್ನ ಪ್ರೀತಿಯ ಡೆರಿಕ್,

ದೇವರು ನಿನ್ನನ್ನೂ ನಿನ್ನಮ್ಮ ವಯೊಲೆಟ್ ಅಕ್ಕನನ್ನೂ ಚೆನ್ನಾಗಿಟ್ಟಿರಲಿ. ನೀನು ಕನ್ನಡಕ್ಕೆ ಅನುವಾದಿಸಿದ ನಾಟಕದ ಕಟ್ಟು ಕೈಸೇರಿ ತಿಂಗಳಾಯಿತು, ತಡವಾದದ್ದಕ್ಕೆ ಬೈಯಬೇಡ ಮಾರಾಯ. ಇಲ್ಲಿ ಕ್ಯಾಂಪಿನ ಮೆಸ್ಸು ಪೂರ್ತಿ ನಿನ್ನ ಮಾಮನ ತಲೆಯ ಮೇಲೆ ನಿಂತಿದೆ. ನಾನು ಒಂದು ದಿನ ರಜೆ ಹಾಕಿದರೆ ಅಮೆರಿಕದ ಇಂಜಿನಿಯರುಗಳು ಎಣ್ಣೆ ತೆಗೆಯುವುದನ್ನೇ ನಿಲ್ಲಿಸಿಯಾರು. ಈ ಕಾಗದದಲ್ಲಿ ಇರುವಂಥದ್ದನ್ನೆಲ್ಲ ಅಂಚೆಯಲ್ಲಿ ಕಳಿಸುವಂತೆಯೂ ಇಲ್ಲ, ಒಡೆದು ನೋಡುತ್ತಾರೆ. ಊರಿಗೆ ಹೊರಟ ನಮ್ಮ ಶ್ರೀನಾಥ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಕೊಂಕಣಿ ಬಿಟ್ಟು ಕನ್ನಡದಲ್ಲಿ ಬರೆಯುತ್ತಿರುವುದು ಈ ಕಾಗದವನ್ನು ನೀನು ನಿನ್ನ ನಿರ್ದೇಶಕರಿಗೆ ತೋರಿಸಲಿ ಎಂದು. "ತಾಯಿಯ ಮಾತು ತೀರಾ ಅಡುಗೆಮನೆಯ ಮಾತಾಯಿತು, ಜನ ನಗುತ್ತಾರೆ, ಗಂಭೀರ ಮಾಡು, ಇಲ್ಲವಾದರೆ ಬೇರೆ ನಾಟಕ ನೋಡುತ್ತೇನೆ" ಎಂದರಂತಲ್ಲ. ನೀನೋ ಅನುವಾದವನ್ನೇ ಹಿಂದಕ್ಕೆ ಪಡೆಯುತ್ತೇನೆ ಎಂದು ಬರೆದಿದ್ದೀ. ಸ್ವಲ್ಪ ತಡೆ. ನಾನು ಇಗರ್ಜಿ ಶಾಲೆಯ ಏಳನೇ ಕ್ಲಾಸಿನವನೇ ಇರಬಹುದು, ಆದರೆ ಹಬ್ಬದ ನಾಟಕದಲ್ಲಿ ರಾಣಿಯಾದವನು. ನನ್ನ ನಡಿಗೆ ನೋಡಿ ಪಾದ್ರಿಯವರೇ "ಇವಳು ಯಾರ ಮಗಳು?" ಎಂದು ಕೇಳಿದ್ದರು.

ನೀನು ಬರೆದು ಕಳಿಸಿದ ಮೂಲ ನಾಟಕಕಾರ ಎಲ್ಯಾಕಿಮ್ ತಬೋರಿಯ ಜೀವನ ಓದಿ ಮನುಷ್ಯ ನನಗೆ ಹಿಡಿಸಿದ. ಪೋಲೆಂಡಿನಲ್ಲಿ ಹುಟ್ಟಿ ಮನೆಯಲ್ಲಿ ಯಿಡ್ಡಿಷ್ ಆಡಿಕೊಂಡು ಬೆಳೆದವನು, ಹಡಗು ಹತ್ತಿ ಈಗಿನ ಇಸ್ರೇಲಿಗೆ ಹೋಗಿ ಕಿತ್ತಳೆ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತ ಹೀಬ್ರೂ ಕಲಿತ. ಅದರಲ್ಲೇ ಕಾದಂಬರಿಗಳನ್ನು ಬರೆದ, ಎಲ್ಲದರಲ್ಲೂ ತಾಯಿಯ ಕಥೆ. ತಾಯಿಗೋ ಆ ಭಾಷೆ ಬಾರದು. ಓದಲಾಗದಿದ್ದರೆ ನೋಡಿಯಾದರೂ ತಿಳಿಯಲಿ ಎಂದು ಐವತ್ತು ದಾಟಿದ ಮೇಲೆ ನಾಟಕಕ್ಕೆ ಕೈಹಾಕಿದ. ಪರದೆ ಏಳುವ ಹೊತ್ತಿಗೆ ಅವಳ ಕಣ್ಣು ಹೋಗಿತ್ತು. ಇಲ್ಲಿ ಅಂಥವನ ಪುಸ್ತಕ ಸಿಕ್ಕಿದರೆ ನನ್ನ ವಾಸದ ಪರವಾನಗಿ ಇಕಾಮಾವೇ ಹೋದೀತು. ನಿನ್ನ ಕನ್ನಡದ ಕೈಬರಹವಾದ್ದರಿಂದ ದಾಟಿ ಬಂತು.

ನಿನ್ನೆ ಶುಕ್ರವಾರ ನಮ್ಮ ಮನೆಯಲ್ಲಿ ಪ್ರಾರ್ಥನೆ. ಇಲ್ಲಿ ಇಗರ್ಜಿಯೂ ಇಲ್ಲ, ನಮ್ಮ ಪ್ರಾರ್ಥನೆಗೆ ಅನುಮತಿಯೂ ಇಲ್ಲವಲ್ಲ, ಕಿಟಕಿ ಮುಚ್ಚಿ, ಮೇಜಿನ ಮೇಲೆ ಒಂದು ಕೇಕ್ ಇಟ್ಟುಕೊಂಡೇ ಕೂರುತ್ತೇವೆ. ಯಾರಾದರೂ ಬಂದರೆ ಹುಟ್ಟುಹಬ್ಬ! ಪ್ರಾರ್ಥನೆ ಮುಗಿದದ್ದೇ, ಬಂದವರೊಡನೆ ನಿನ್ನ ನಾಟಕ ಓದಲೆಂದು ನಾನು ನಿನ್ನ ಮಾಮಿಯ ಶಾಲು ತಲೆಗೆ ಸುತ್ತಿ ತಾಯಿಯಾದೆ.

"ಎಂತ ಇನಾಸಣ್ಣ, ಈ ಪ್ರಾಯದಲ್ಲಿ ವೇಷವಾ?" ಎಂದಳು ಆಸ್ಪತ್ರೆಯ ನರ್ಸಮ್ಮ.

"ಸುಮ್ಮನೆ ಕೂತು ಅಳಲಿಕ್ಕೆ ರೆಡಿಯಾಗು ಮಾರಾಯ್ತಿ" ಎಂದೆ.

ಮೊದಲ ದೃಶ್ಯದಲ್ಲೇ ಬಾಗಿಲ ಬೆಲ್ಲು. ಎಲ್ಲರೂ ದಡಬಡ ಎದ್ದು "ಹ್ಯಾಪಿ ಬರ್ತ್‌ಡೇ" ಹಾಡತೊಡಗಿದರು. ಬಂದವನು ಮೇಲಿನ ಮನೆಯ ಯಹ್ಯಾ, ಜೋರ್ಡಾನಿನವನು. ನೀರಿನ ಪಂಪು ಹಾಳಾಗಿದೆ ಎಂದು ಹೇಳಲು ಬಂದಿದ್ದ.

"ಯಾರದ್ದು ಹುಟ್ಟುಹಬ್ಬ?"

"ನನ್ನದು" ಎಂದೆ, ತಲೆಯ ಮೇಲೆ ಶಾಲಿದ್ದದ್ದು ಮರೆತು.

"ಹೋದ ತಿಂಗಳೂ ನಿನ್ನದೇ ಇತ್ತಲ್ಲ?"

"ವಯಸ್ಸಾದ ಮೇಲೆ ಬೇಗ ಬೇಗ ಬರುತ್ತದೆ."

ಅವನು ನಕ್ಕು, ದೊಡ್ಡ ತುಂಡು ಕೇಕ್ ತಿಂದು, "ಮಬ್ರೂಕ್" ಎಂದು ಶುಭ ಕೋರಿ ಹೋದ. ಗೊತ್ತಿದ್ದೂ ಗೊತ್ತಿಲ್ಲದವನ ಹಾಗಿರುವ ಒಳ್ಳೆಯ ಮನುಷ್ಯ.

ಮತ್ತೆ ಓದಿದೆವು. ಕೊನೆಯಲ್ಲಿ ಮಗನಿಗೆ ಸನ್ಮಾನವಾಗುವಾಗ ತಾಯಿ ಹೇಳುತ್ತಾಳಲ್ಲ, "ನೀನು ಬರೆದದ್ದೆಲ್ಲ ನನ್ನ ಕಥೆಯಂತೆ ಮಗಾ. ನನಗೂ ಒಂದು ಸಲ ಹೇಳಬಾರದಿತ್ತಾ?" ಅಲ್ಲಿ ನಾನು ಶಾಲನ್ನು ಮುಖದ ಮೇಲೆ ಎಳೆದುಕೊಂಡೆ. ಅದು ಅಭಿನಯ ಎಂದು ಎಲ್ಲರಿಗೂ ಹೇಳಿದ್ದೇನೆ. ನರ್ಸಮ್ಮ ಮೂಗೊರೆಸಿಕೊಳ್ಳುತ್ತ, "ನಮ್ಮ ಅಮ್ಮನೇ ಫೋನಿನಲ್ಲಿ ಮಾತಾಡಿದ ಹಾಗುಂಟು" ಎಂದಳು. ಒಬ್ಬರೂ ನಗಲಿಲ್ಲ ಡೆರಿಕ್. ನಿನ್ನ ನಿರ್ದೇಶಕರಿಗೆ ಹೇಳು, ಆ ಮಾತಿನ ಒಂದಕ್ಷರ ಮುಟ್ಟಬಾರದು. ಒಪ್ಪದಿದ್ದರೆ ಅವರನ್ನು ಬಿಡು, ನಾಟಕವನ್ನು ಬಿಡಬೇಡ. ತಾಯಿಯ ಪಾತ್ರಕ್ಕೆ ಜನ ಸಿಗದಿದ್ದರೆ ನಾನೇ ಬರುತ್ತೇನೆ, ಇಲ್ಲಿನ ನನ್ನ ಧಣಿ ಕಫೀಲ್ ರಜೆ ಕೊಡಬೇಕಷ್ಟೆ.

ಅಕ್ಕನನ್ನು ಮೊದಲ ಸಾಲಿನಲ್ಲಿ ಕೂರಿಸು. ದೇವಮಾತೆ ನಿನ್ನ ಕೈಹಿಡಿದು ಬರೆಸಲಿ.

ನಿನ್ನ
ಇನಾಸ್ ಮಾಮ

ತಾ.ಕ.: ಇದನ್ನು ಕತ್ತರಿಸಿಟ್ಟುಕೊಂಡು ಮೇಲಿನದನ್ನಷ್ಟೇ ಅವರಿಗೆ ಕೊಡು. ನಿನ್ನೆ ನಮ್ಮ ಕ್ರಿಸ್ಟಿನಾಳೂ ಅಲ್ಲೇ ಇದ್ದಳು. ಈಗ ಅವಳು ನನ್ನಷ್ಟೇ ಎತ್ತರ. ಎಲ್ಲರೂ ಕಣ್ಣೊರೆಸಿಕೊಳ್ಳುವಾಗ ನನ್ನ ತೋಳು ಹಿಡಿದು, "ಡ್ಯಾಡಿ, ವಾಟ್ ಡಿಡ್ ದ ಮದರ್ ಸೇ?" ಎಂದಳು. ಅವಳಿಗೆ ಕನ್ನಡ ಬಾರದು, ಅವಳ ಕೊಂಕಣಿಯೂ ಅನ್ನ, ನೀರು, ಸಾಕು ಎಂಬಲ್ಲಿಗೆ ಮುಗಿಯುತ್ತದೆ. ನನ್ನ ಇಂಗ್ಲಿಷ್ ಮೆಸ್ಸಿನ ಬಾಗಿಲು ದಾಟುವುದಿಲ್ಲ. ಹುಡುಕಿ ಹುಡುಕಿ, "ಮದರ್ ಈಸ್ ಸ್ಯಾಡ್" ಎಂದೆ. "ಓಕೆ, ಡ್ಯಾಡಿ" ಎಂದು, ಪಾಪ, ನನ್ನ ಬೆನ್ನು ತಟ್ಟಿದಳು.