ಒಣ ಹೆಬ್ಬೆರಳು

ನವೆಂಬರ್ ೧೯, ಬುಧವಾರ

ಡಬ್ಬಿ ಖಾಲಿಯಿತ್ತು. ಕೊನೆಗಾಲದವರ ಹಣೆಗೆ ಹಚ್ಚುವ ಪವಿತ್ರ ಎಣ್ಣೆಯ ಡಬ್ಬಿ. ಪಾದ್ರಿಯಾಗಿ ಇಪ್ಪತ್ತೆರಡು ವರ್ಷವಾಯಿತು, ಹೊರಡುವ ಮುಂಚೆ ಮುಚ್ಚಳ ತೆಗೆದು ನೋಡುವಷ್ಟು ಬುದ್ಧಿ ಬೇಡವೇ?

ಸಾಯುವ ಹಾಸಿಗೆಯಲ್ಲಿದ್ದ ದರ್ಜಿ ಅಜ್ಜ ಕೇಳಿದ್ದು ಒಂದೇ ಪ್ರಶ್ನೆ. "ಫಾದರ್, ಸತ್ತ ಮೇಲೆ ಬೆಂಕಿ ಇರುತ್ತಂತಲ್ಲ, ತುಂಬಾ ಸುಡುತ್ತಾ?"

ಹಿಂದೆ ಪ್ರೊಫೆಸರಾಗಿದ್ದ ಒಬ್ಬ ಪೋಪ್ ಬರೆದದ್ದನ್ನೇ ಹೇಳಿದೆ. "ಪ್ರಭು ನಮ್ಮನ್ನು ನೋಡುವ ನೋಟವೇ ಆ ಬೆಂಕಿ ಅಜ್ಜ. ನಮ್ಮಲ್ಲಿರೋ ಸುಳ್ಳನ್ನು ಸುಡುತ್ತೆ, ನಮ್ಮನ್ನು ಉಳಿಸುತ್ತೆ." ಎಷ್ಟು ಸಲೀಸಾಗಿ ಹೇಳಿಬಿಟ್ಟೆ! ಸತ್ತವರಿಗಾಗಿ ಪ್ರಾರ್ಥಿಸುವ ಈ ತಿಂಗಳೆಲ್ಲ ಪ್ರಬೋಧನೆಯಲ್ಲಿ ಹೇಳಿ ಹೇಳಿ ಬಾಯಿಪಾಠವಾಗಿದೆ.

ಆಮೇಲೆ ಮುಚ್ಚಳ ತೆಗೆದೆ. ಒಳಗಿನ ಹತ್ತಿ ಒಣಗಿ ಗಟ್ಟಿಯಾಗಿತ್ತು. ಅಡುಗೆಮನೆಯ ಎಣ್ಣೆ ತರಿಸಿ ಮಂತ್ರಿಸಬಹುದಿತ್ತು, ತುರ್ತಿಗೆ ಅದಕ್ಕೆ ಅನುಮತಿಯಿದೆ. ಮಗಳು, ಅಳಿಯ ಎದುರಿಗೇ ನಿಂತಿದ್ದರು. ಮಾನ ಹೋಗುತ್ತೆ ಅನ್ನಿಸಿತು. ಒಣ ಹೆಬ್ಬೆರಳಲ್ಲೇ ಹಣೆಗೆ ಶಿಲುಬೆ ಗುರುತು ಹಾಕಿದೆ, ಅಂಗೈಗಳಿಗೂ.

ಅರವತ್ತು ವರ್ಷ ಬಟ್ಟೆ ಮುಟ್ಟಿ ಪಳಗಿದ ಕೈ ಅದು, ಗೊತ್ತಾಗದೆ ಇರುತ್ತಾ? ಕಣ್ಣು ತೆರೆದು ನನ್ನನ್ನೇ ನೋಡಿದರು. ಮಗಳು ಹಣೆ ಒರೆಸಲು ಬಂದಳು. "ಬೇಡಮ್ಮ," ಅಂದರು, "ಎಣ್ಣೆ ತಂಪಾಗಿದೆ, ಇರಲಿ."

ವಾಪಸ್ ಬಂದು ಡಬ್ಬಿ ತುಂಬಿಸಿಟ್ಟು, ಮತ್ತೆ ಹೋಗಿ ಎಣ್ಣೆ ಹಚ್ಚಬೇಕೆಂದು ಚಪ್ಪಲಿ ಹಾಕಿಕೊಂಡೇ ಕೂತಿದ್ದೇನೆ. ಅವರ ಮನೆ ನಾಲ್ಕು ಬೀದಿ ಆಚೆ, ಅಷ್ಟೇ. ಇನ್ನೂ ಹೊರಟಿಲ್ಲ. ಅಷ್ಟರಲ್ಲಿ ಹೋಗಿಬಿಟ್ಟಾರೆಂಬ ಭಯವಿದೆ. ಅದಕ್ಕಿಂತ ದೊಡ್ಡ ಭಯ, ಇನ್ನೂ ಬದುಕಿದ್ದು ಮತ್ತೆ ಹಾಗೇ ನೋಡಿಯಾರು ಅಂತ. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮಗಳ ಮುಂದೆ ನನ್ನ ಮಾನ ಉಳಿಸುತ್ತಾ ನೋಡಿದರು.

ಸುಡುತ್ತೆ ಅಜ್ಜ. ತುಂಬಾ ಸುಡುತ್ತೆ.