ಹೊದಿಕೆ ಹರಿದ ವೈರಸ್

ಮಾರ್ಚ್ 3, ಶುಕ್ರವಾರ
ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಬೆಳಗ್ಗೆಯಿಂದ ಮುನಿಸು. ಫಿಲಮೆಂಟ್ ಬದಲಿಸಿದ್ದಾಯಿತು. ಸಂಜೆ ಅತ್ತಿಗೆಯ ಕಣ್ಣಿನ ಸ್ಯಾಂಪಲ್ ಬಂತು. ಬಲಗಣ್ಣು ಕೆಂಡ. ವಾರದಿಂದ ಅತ್ತಿಗೆ ಬಸ್ ಓಡಿಸಿಲ್ಲ, ಡ್ರೈವರಿಗೆ ಕಣ್ಣೇ ಅನ್ನ. "ಕೊಡಿ ಸಾರ್, ನಾಳೆ ನಾನು ನೋಡ್ತೀನಿ" ಎಂದಳು ಲ್ಯಾಬಿನ ಜೂನಿಯರ್. ಕೊಡಲಿಲ್ಲ. ಮನೆಯವರದ್ದು, ನಾನೇ ನೋಡಬೇಕು. ಫ್ರೀಜರಿನಲ್ಲಿಟ್ಟು ಬಂದೆ.

ಮಾರ್ಚ್ 6, ಬೆಳಗ್ಗೆ 11
ಕರಗಿಸಿ, ಗ್ರಿಡ್ ಮೇಲೆ ಹನಿ ಹಾಕಿ, ಬಣ್ಣ ಕೊಟ್ಟು ನೋಡಿದೆ. ಸಿಕ್ಕಿತು! ಸುರುಳಿಯ ಕೋಲಲ್ಲ, ಇಟ್ಟಿಗೆಯಾಕಾರವೂ ಅಲ್ಲ. ಇಪ್ಪತ್ತು ಮುಖದ ಚಿಪ್ಪು, ಚೊಕ್ಕ ಮೂಲೆಗಳು. ಹೊರಗೆ ಕೊಬ್ಬಿನ ಹೊದಿಕೆ ಇಲ್ಲ. ಅಡಿನೋವೈರಸ್ ಎಂದು ರಿಪೋರ್ಟಿನಲ್ಲಿ ಬರೆದೆ. ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುವ ಜಾತಿ. ಅತ್ತಿಗೆಗೆ ಫೋನ್ ಮಾಡಿ, ತಾನಾಗೇ ಹೋಗುತ್ತೆ ಎಂದೆ. "ನಿನ್ನ ಮಾತಿಗೇ ಅರ್ಧ ಕಣ್ಣು ಬಂತು ಕಣೋ" ಎಂದರು.

ಮಾರ್ಚ್ 7
ನನ್ನ ರಿಪೋರ್ಟ್ ನೋಡಿ ಡಾಕ್ಟರು ಊತಕ್ಕೆ ಸ್ಟೀರಾಯ್ಡ್ ಹನಿ ಬರೆದರಂತೆ. ನಿಶ್ಚಿಂತೆ.

ಮಾರ್ಚ್ 11, ಶನಿವಾರ
ಅತ್ತಿಗೆಗೆ ಎದುರು ಕೂತ ನನ್ನ ಮುಖವೇ ಮಂಜು. ನೋವೂ ಹೆಚ್ಚಿದೆ. "ತಾನಾಗೇ ಹೋಗುತ್ತೆ ಅಂದಿದ್ಯಲ್ಲ?" ಬೈಯಲಿಲ್ಲ, ಕೇಳಿದರಷ್ಟೆ. ನೇರ ಲ್ಯಾಬಿಗೆ ಓಡಿದೆ.

ಮಧ್ಯಾಹ್ನ 2.30
ಸೋಮವಾರದ ಫೋಟೋಗಳನ್ನು ತೆಗೆದು ಚಿಪ್ಪು ಅಳೆದೆ. ನೂರಹದಿನೈದು ನ್ಯಾನೊಮೀಟರ್. ಅಡಿನೋ ತೊಂಬತ್ತರ ಆಸುಪಾಸು. ಅಂದು ಅಳೆದೇ ಇರಲಿಲ್ಲ — ಆಕಾರ ಸಿಕ್ಕ ಖುಷಿಯಲ್ಲಿ ಅಳತೆ ಯಾರಿಗೆ ಬೇಕು! ಒಂದು ಫೋಟೋದಲ್ಲಿ ಚಿಪ್ಪಿಗಂಟಿದ ಹರುಕು ಹೊದಿಕೆ... ಹರ್ಪಿಸ್ ವೈರಸ್, ಕಣ್ಣಲ್ಲಿ ಹುಣ್ಣು ಮಾಡುವ ಜಾತಿ. ಅದರ ಒಳಚಿಪ್ಪಿಗೂ ಇಪ್ಪತ್ತೇ ಮುಖ. ಫ್ರೀಜರಿನಲ್ಲಿಟ್ಟು ಕರಗಿಸಿದರೆ ಹೊದಿಕೆ ಹರಿಯುತ್ತದೆ ಎಂದು ಹೊಸಬರಿಗೆ ಪಾಠ ಮಾಡುವವನು ನಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.
ಹರ್ಪಿಸ್‌ಗೆ ಔಷಧಿಯಿದೆ. ಸ್ಟೀರಾಯ್ಡ್ ಮಾತ್ರ ಉರಿಯುವ ಬೆಂಕಿಗೆ ತುಪ್ಪ.

2.50
ಡಾಕ್ಟರಿಗೆ ಫೋನ್ ಮಾಡಿ "ರಿಪೋರ್ಟ್ ತಪ್ಪು, ಅದು ಹರ್ಪಿಸ್, ತಪ್ಪು ನನ್ನದೇ" ಎಂದೆ. ಆ ಕಡೆಯಿಂದ, "ಹನಿ ಈಗ್ಲೇ ನಿಲ್ಲಿಸ್ತೀನಿ." ಹರ್ಪಿಸ್ ಔಷಧಿ ಇವತ್ತೇ ಶುರು.

ಮಾರ್ಚ್ 26, ಭಾನುವಾರ
ಹುಣ್ಣು ಮಾಯಿತು. ಪಾಪೆಯ ಮುಂದೆ ಬಿಳಿ ಕಲೆ ಉಳಿಯಿತು. ಇನ್ನು ಬಸ್ ಓಡಿಸುವಂತಿಲ್ಲ. ಯಾರ ತಪ್ಪೆಂದು ಡಾಕ್ಟರು ಮನೆಯವರಿಗೆ ಹೇಳಿಲ್ಲ.
ಬೆಳಗ್ಗೆ ಅತ್ತಿಗೆ ನನ್ನ ಕೈ ಹಿಡಿದುಕೊಂಡರು. "ನೀನು ಮತ್ತೆ ನೋಡದೇ ಇದ್ದಿದ್ರೆ ಕಣ್ಣೇ ಪೂರ್ತಿ ಹೋಗ್ತಿತ್ತಂತೆ. ದೇವರ ಹಾಗೆ ಬಂದೆ ಕಣೋ." ಅಣ್ಣ ಬೆನ್ನು ತಟ್ಟಿದ. ನಾನು ತಲೆಯಾಡಿಸಿದೆ! ನಾಚಿಕೆಯಾಗುತ್ತಿದೆ.
ಇವತ್ತೇ ಹೇಳಬೇಕು. ಅಡುಗೆಮನೆಯಲ್ಲಿ ಒಬ್ಬರೇ ಇದ್ದಾರೆ. ಬಾಯಿಗೆ ಬರುವುದಿಲ್ಲ, ಇಲ್ಲಿ ಬರೆದುಕೊಂಡು ಹೋಗುತ್ತೇನೆ —
ಅತ್ತಿಗೆ, ನಿಮ್ಮ ಕಣ್ಣು ಹಾಳಾಗಿದ್ದು ನನ್ನ ತಪ್ಪಿನಿಂದ. ಹೇಳಲು ಹೊರಟೆ.